ನಲ್ಲಿ ನೀರಿನ ಕಥೆ ಮತ್ತು ನನ್ನ ಅಂದದ ಅಕ್ಷರ

ಈ ಬರಹವನ್ನು ಮೂರು ಸಲ ಶುರುಮಾಡಿ ಮೂರು ಸಲವೂ ಬೇರೇನನ್ನೋ ಬರೆದು ಎದ್ದಿದ್ದೇನೆ. ಮೊದಲನೆಯ ಸಲ ಅದು ಮಾರುಕಟ್ಟೆಯ ಸೊಪ್ಪಿನ ಮೇಲೊಂದು ಪ್ರಬಂಧವಾಯಿತು. ಎರಡನೆಯ ಸಲ ಮಂಡಿನೋವಿನ ಮೇಲೆ. ಮೂರನೆಯ ಸಲ ಮೊಮ್ಮಗಳನ್ನು ಹೊಗಳುತ್ತ ನಾಲ್ಕು ಪುಟ ತುಂಬಿಸಿದೆ. ಹೇಳಬೇಕಾದದ್ದು ಹತ್ತಿರ ಬಂದಾಗ ಕಾಫಿ ಕುಡಿದು ಬರೋಣ ಎಂದು ಎದ್ದವನು ವಾಪಸು ಬಂದು ಕೂರಲಿಲ್ಲ. ಐವತ್ತು ವರ್ಷ ತಳ್ಳಿಕೊಂಡು ಬಂದವನಿಗೆ ಒಂದು ಲೋಟ ಕಾಫಿಯ ನೆಪ ದೊಡ್ಡದಲ್ಲ. ಆದರೆ ನನಗೀಗ ಎಪ್ಪತ್ತಾರು. ಗೆಳೆಯನೊಬ್ಬನಿಗೆ ನಾನು ಮಾಡಿದ ತಪ್ಪನ್ನು ಹೇಳಬೇಕು. ಅವನಲ್ಲಿ ಕ್ಷಮೆ ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಹೇಳದೆ ಹೋದರೆ ನನ್ನ ಮೊಮ್ಮಗಳು ನನ್ನನ್ನು ಮೆಚ್ಚಿದ್ದೆಲ್ಲ ನಿಮ್ಮ ಮುಂದೆ ಕದ್ದ ಮಾಲಾಗಿ ಉಳಿಯುತ್ತದೆ.

ಆದರೂ ಹೊಗಳಿಕೆಯಿಂದಲೇ ಆರಂಭಿಸುತ್ತೇನೆ. ಹಳೆಯ ಅಭ್ಯಾಸ, ನೀವು ಸಹಿಸಿಕೊಳ್ಳಬೇಕು.

ಮೊಮ್ಮಗಳ ಹೆಸರು ಧನ್ಯ. ಹದಿನೆಂಟು ತುಂಬಿದೆ, ಬಿ.ಎ. ಮೊದಲ ವರ್ಷ. ಹೆಸರು ಬದಲಿಸಿ ಬರೆಯಲೇ ಎಂದು ಕೇಳಿದೆ, ಬೇಡ ಎಂದಳು. ನಾನು ಲಿಂಗರಾಜಪುರದಲ್ಲಿ ಮಗಳು ಶೋಭಾಳ ಮನೆಯಲ್ಲಿದ್ದೇನೆ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಮಹದೇವಪುರದ ಕಡೆ ಆಫೀಸಿಗೆ ಹೊರಟರೆ ಮನೆಯಲ್ಲಿ ಉಳಿಯುವುದು ನಾನು, ಜೊತೆಗೆ ಧನ್ಯ ಕಾಲೇಜಿಗೆ ಹೋಗುವಾಗ ಎಲ್ಲೆಂದರಲ್ಲಿ ಬಿಟ್ಟುಹೋದ ಪುಸ್ತಕಗಳು. ಸೋಫಾದ ಮೇಲೊಂದು, ವಾಷಿಂಗ್ ಮೆಷಿನ್ನಿನ ಮೇಲೊಂದು, ಅಕ್ಕಿ ಡಬ್ಬದ ಮೇಲೊಂದು. ಎಲ್ಲವೂ ಇಂಗ್ಲಿಷ್. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷ್ ಪುಸ್ತಕವನ್ನು ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಓದುತ್ತೇನೆ, ಒಂದೊಂದೇ ಕಾಳು.

ಎರಡು ವರ್ಷದ ಹಿಂದೆ ಒಂದು ಪುಸ್ತಕ ಊಟದ ಕುರ್ಚಿಯ ಮೇಲೆ ಸಿಕ್ಕಿತು. ರಟ್ಟಿನ ಮೇಲೆ ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿರುವ ಹುಡುಗ, ಅವನ ಕೈ ಹಿಡಿದು ನೆಲದ ಮೇಲೆ ನಿಂತ ಇನ್ನೊಬ್ಬ ಹುಡುಗ. ಪುಸ್ತಕ ಕೈಗೆ ಬಂದರೆ ಅದಕ್ಕೆ ಕಂದು ಕಾಗದದ ರಟ್ಟು ಹಾಕುವುದು ನನ್ನ ರೋಗ. ಕ್ಯಾಲೆಂಡರಿಗೂ ರಟ್ಟು ಹಾಕುತ್ತಾರೆ ನಿಮ್ಮಪ್ಪ ಎಂದು ಅಳಿಯ ಮಗಳಿಗೆ ಹೇಳಿ ನಗುವುದುಂಟು. ಇದಕ್ಕೂ ಹಾಕಿ, ಮೂಲೆ ಮಡಚಿ, ಮೇಲೆ ಅಂದವಾಗಿ ಅವಳ ಹೆಸರು ಬರೆದೆ. ಸಂಜೆ ಧನ್ಯ ಬಂದು ಪುಸ್ತಕ ನೋಡಿದವಳೇ ಮುಖ ಸಣ್ಣದು ಮಾಡಿಕೊಂಡಳು.

"ಮುಚ್ಚಿಟ್ಟಿದ್ದೀಯಾ ತಾತ? ಯಾರಾದ್ರೂ ನೋಡ್ತಾರೆ ಅಂತಾನಾ?"

ಅಭ್ಯಾಸ ಕಣಮ್ಮ ಎಂದೆ. ಅವಳು ನಂಬಲಿಲ್ಲ. ನಂಬಿಸಲೆಂದು ಮರುದಿನ ಕಂದು ಕಾಗದ ಬಿಚ್ಚಿ, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ, ಬೀದಿಗೆ ಮುಖಮಾಡಿ ಕೂತು ಆ ಪುಸ್ತಕ ಓದಲು ಶುರುಮಾಡಿದೆ. ಹಾಲಿನವನು ನೋಡಿದ, ಎದುರು ಮನೆಯ ಮೇಡಂ ನೋಡಿದರು. ಬೆಂಚಿನ ಮೇಲೆ ನಾನಿದ್ದೆ, ರಟ್ಟಿನ ಮೇಲೆ ಆ ಇಬ್ಬರು ಹುಡುಗರಿದ್ದರು. ಧನ್ಯ ಮೇಲಿನ ಬಾಲ್ಕನಿಯಿಂದ ಫೋಟೋ ತೆಗೆದು ತನ್ನ ಗೆಳತಿಯರಿಗೆಲ್ಲ ಕಳಿಸಿದಳಂತೆ. ಅಂದಿನಿಂದ ನಾನು ಅವಳ ಕಣ್ಣಲ್ಲಿ ದೊಡ್ಡ ಮನುಷ್ಯ. ಕಂದು ಕಾಗದ ಹಾಕಿದ್ದು ನೂರಕ್ಕೆ ನೂರು ಅಭ್ಯಾಸದಿಂದಲೇ ಎಂದು ಇವತ್ತು ನಿಮ್ಮೆದುರು ಪ್ರಮಾಣ ಮಾಡಲಾರೆ.

ನಂಬಿಸಲು ಹಿಡಿದ ಪುಸ್ತಕ ನನ್ನನ್ನೇ ಹಿಡಿದುಕೊಂಡಿತು. ಕಥೆ ಇಷ್ಟು: ಒಬ್ಬ ಹುಡುಗ. ತನ್ನ ತರಗತಿಯ ಇನ್ನೊಬ್ಬ ಹುಡುಗ ಹತ್ತಿರ ಬಂದರೆ ಇವನ ಪಾದ ನೆಲ ಬಿಡುತ್ತದೆ. ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು. ಅವನಮ್ಮ ಏನು ಮಾಡುತ್ತಾಳೆ ಗೊತ್ತೇ? ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿ ಹೊಲಿದುಕೊಡುತ್ತಾಳೆ. ಅಪ್ಪ ಪೇಪರಿನಿಂದ ತಲೆಯೆತ್ತದೆ, ಫ್ಯಾನ್ ನೋಡಿಕೊಂಡು ಓಡಾಡು ಎನ್ನುತ್ತಾನೆ. ಅಷ್ಟೆ. ಡಾಕ್ಟರನ್ನು ಕರೆಯುವುದಿಲ್ಲ, ತಾಯಿತ ಕಟ್ಟಿಸುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಇವರ ಮನೆಯಲ್ಲಿ ಒಬ್ಬರಿಗೂ ಗಾಬರಿ ಎನ್ನುವುದೇ ಇಲ್ಲವೇ ಎಂದು ಧನ್ಯಳನ್ನು ಕೇಳಿದೆ.

"ಅದೇ ತಾತ ವಿಷಯ. ಮ್ಯಾಜಿಕ್ ಆಗತ್ತೆ, ಆದ್ರೆ ಯಾರೂ ಮೂರ್ಛೆ ಹೋಗಲ್ಲ. ಇದಕ್ಕೆ ಮ್ಯಾಜಿಕಲ್ ರಿಯಲಿಸಂ ಅಂತಾರೆ."

ನಾನು ಮ್ಯಾಜಿಕ್ ಎಂದರೆ ಟೋಪಿಯಿಂದ ಪಾರಿವಾಳ ತೆಗೆಯುವವನು ಎಂದುಕೊಂಡಿದ್ದವನು. ಅವಳು ಸಾವಧಾನವಾಗಿ ಹೇಳಿಕೊಟ್ಟಳು. ಇವು ಹರೆಯದವರಿಗೆಂದೇ ಬರೆದ ಕಾದಂಬರಿಗಳು. ಇವುಗಳಲ್ಲಿ ಹುಡುಗನನ್ನು ಪ್ರೀತಿಸುವ ಹುಡುಗರಿರುತ್ತಾರೆ, ಹುಡುಗಿಯನ್ನು ಪ್ರೀತಿಸುವ ಹುಡುಗಿಯರಿರುತ್ತಾರೆ, ಹುಡುಗ ಹುಡುಗಿ ಎಂಬ ಎರಡು ಪೆಟ್ಟಿಗೆಯಲ್ಲೂ ಕೂರಲೊಲ್ಲದವರಿರುತ್ತಾರೆ. ಅವರನ್ನೆಲ್ಲ ಸೇರಿಸಿ ಈಗಿನ ಮಕ್ಕಳು ಕ್ವಿಯರ್ ಎನ್ನುತ್ತಾರೆ. ನಾಚಿಕೊಂಡಲ್ಲ, ತಮ್ಮ ಬಡಾವಣೆಯ ಹೆಸರು ಹೇಳುವ ಹಾಗೆ ಹೇಳುತ್ತಾರೆ.

ಎರಡು ವರ್ಷದಲ್ಲಿ ಇಂಥವು ಒಂಬತ್ತು ಪುಸ್ತಕ ಮುಗಿಸಿದ್ದೇನೆ. ಒಂದರಲ್ಲಿ ಏಳು ಜನರ ಸಂಸಾರ ಎರಡೇ ಕೋಣೆಯ ಮನೆಯಲ್ಲಿರುತ್ತದೆ. ಯಾರಾದರೂ ನಿಜ ಹೇಳಿದಾಗ ಮಾತ್ರ ಆ ಮನೆಗೆ ಒಂದು ಕೋಣೆ ಬೆಳೆಯುತ್ತದೆ. ಯಾರೂ ಹೇಳುವುದಿಲ್ಲವಾದ್ದರಿಂದ ಎಲ್ಲರೂ ಒಬ್ಬರ ಮೇಲೊಬ್ಬರು ಮಲಗುತ್ತಾರೆ. ಕೊನೆಗೆ ಮನೆಯ ಹುಡುಗಿ, ತನಗೆ ಪಕ್ಕದ ಮನೆಯ ಹುಡುಗಿಯೆಂದರೆ ಪ್ರಾಣ ಎಂದು ಊಟದ ನಡುವೆ ಹೇಳಿಬಿಡುತ್ತಾಳೆ. ಗೋಡೆ ಬಿರಿದು ಕಿಟಕಿಯಿರುವ ಹೊಸ ಕೋಣೆ ತೆರೆದುಕೊಳ್ಳುತ್ತದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿರುವಾಗ ಅಜ್ಜಿ ಎದ್ದು ತನ್ನ ಹಾಸಿಗೆ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಹಾಸಿಕೊಳ್ಳುತ್ತಾಳೆ. ಆ ಅಜ್ಜಿಯನ್ನು ನೆನೆದು ಹಲಸೂರಿನಿಂದ ಬೈಯಪ್ಪನಹಳ್ಳಿಗೆ ಹೋಗುವ ಮೆಟ್ರೋದಲ್ಲಿ ಒಬ್ಬನೇ ನಕ್ಕೆ. ಎದುರಿಗೆ ಕೂತಿದ್ದ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಈ ಕಥೆಗಳಲ್ಲಿ ಏನಿದೆ ಎಂದು ಮಕ್ಕಳು ಹೀಗೆ ಮುಗಿಬೀಳುತ್ತಾರೆ? ಪಂಡಿತರು ಬೇರೆ ಏನಾದರೂ ಹೇಳಬಹುದು. ನನಗೆ ತೋಚಿದ್ದು ಇದು. ಹದಿನೇಳರಲ್ಲಿ ಮೈಯಲ್ಲಿ ಆಗುವುದೆಲ್ಲ ಪವಾಡವೇ. ಬೆಳಿಗ್ಗೆ ಎದ್ದರೆ ದನಿ ಬೇರೆ, ಮುಖ ಬೇರೆ; ಯಾರೋ ಒಬ್ಬರು ಬಾಗಿಲಲ್ಲಿ ನಿಂತರೆ ಕಿವಿ ಕೆಂಡವಾಗುತ್ತದೆ. ಹೇಳಿದರೆ ದೊಡ್ಡವರು ನಂಬುವುದಿಲ್ಲ. ಅದರಲ್ಲೂ, ಹೇಳಲೇಬಾರದು ಎಂದು ಹುಟ್ಟಿದಾಗಿನಿಂದ ಕಲಿತ ಮಗು ಏನು ಮಾಡಬೇಕು? ಈ ಪುಸ್ತಕಗಳಲ್ಲಿ ಆ ಮಗುವಿನ ಬದಲು ಗೋಡೆ ಮಾತಾಡುತ್ತದೆ, ಪಾದ ಮಾತಾಡುತ್ತದೆ. ಗುಟ್ಟು ತಾನಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಮನೆಯವರು ಅದಕ್ಕೊಂದು ಅಂಚು ಹೊಲಿದು ಒಗ್ಗಿಸಿಕೊಳ್ಳುತ್ತಾರೆ. ಮಗ ಗಾಳಿಯಲ್ಲಿ ತೇಲಿದರೇ ತಲೆಕೆಡಿಸಿಕೊಳ್ಳದ ತಾಯಿ, ಅವನು ಯಾರನ್ನು ಕಂಡು ತೇಲಿದ ಎಂದು ಜಗಳ ತೆಗೆಯುತ್ತಾಳೆಯೇ?

ನಮ್ಮಲ್ಲಿ ಇದು ತಿರುಗಾಮುರುಗಾ. ನಮ್ಮಜ್ಜಿ ಹಿತ್ತಲ ಹುಣಸೆಮರದ ದೆವ್ವಕ್ಕೆ ಅಮಾವಾಸ್ಯೆಗೊಮ್ಮೆ ಮೊಸರನ್ನ ಇಡುತ್ತಿದ್ದಳು. ದೆವ್ವಕ್ಕೆ ಹುಳಿ ಮೊಸರು ಆಗುವುದಿಲ್ಲವೆಂದು ಹೊಸ ಹೆಪ್ಪು ಹಾಕುತ್ತಿದ್ದಳು. ಅದೇ ಅಜ್ಜಿ, ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದ ಇಬ್ಬರು ನರ್ಸಮ್ಮಂದಿರ ಮನೆಯ ಮುಂದೆ ಹಾಯುವಾಗ ಸೆರಗನ್ನು ಮೂಗಿಗೆ ಅಡ್ಡ ಹಿಡಿಯುತ್ತಿದ್ದಳು. ದೆವ್ವವನ್ನು ನಂಬುವುದು ನಮಗೆ ಸುಲಭವಾಗಿತ್ತು.

ಹೋದ ಚಳಿಗಾಲ, ಅವರೆಕಾಯಿಯ ಕಾಲ. ಭಾನುವಾರ ಮಧ್ಯಾಹ್ನ ಧನ್ಯ ಮತ್ತು ನಾನು ನೆನೆಹಾಕಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿಸುಕುತ್ತ ಕೂತಿದ್ದೆವು. ಬೆರಳ ತುದಿಯಲ್ಲಿ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಚಿಮ್ಮುತ್ತದೆ. ಮಾತಿಗೆ ಒಳ್ಳೆಯ ಕೆಲಸ ಅದು, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ.

"ತಾತ, ಆ ಪುಸ್ತಕ ಎಲ್ಲಾ ನಾನು ಸುಮ್ನೆ ಓದ್ತಿಲ್ಲ. ನಾನೂ ಹಾಗೇನೇ."

"ಹಾಗೆ ಅಂದ್ರೆ?"

"ನಂಗೆ ಹುಡುಗೀರು ಇಷ್ಟ ಆಗ್ತಾರೆ. ಅಮ್ಮಂಗೆ ಇನ್ನೂ ಹೇಳಿಲ್ಲ. ನಿಂಗೇ ಮೊದಲು."

ನನ್ನ ಕೈಯ ಕಾಳು ಹಾರಿ ಫ್ರಿಜ್ಜಿಗೆ ಬಡಿಯಿತು. ಏನಾದರೂ ಹೇಳಲೇಬೇಕಿತ್ತು. ಪೇಪರಿನಿಂದ ತಲೆಯೆತ್ತದ ಆ ಅಪ್ಪ ನೆನಪಾದ.

"ಸರಿ ಕಣಮ್ಮ. ಕೈ ನಿಲ್ಲಿಸ್ಬೇಡ, ನಿಮ್ಮಮ್ಮ ಬರೋಷ್ಟ್ರಲ್ಲಿ ಇದು ಮುಗೀಬೇಕು."

ಅವಳು ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಅವರೆಕಾಳಿನ ಕೈಯಲ್ಲೇ ನನ್ನ ಕುತ್ತಿಗೆಗೆ ಬಿದ್ದಳು. ಆ ಕ್ಷಣದ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ನಲವತ್ತು ವರ್ಷದ ಸರ್ವೀಸಿಗೆ ಕಾರ್ಖಾನೆಯವರು ಹೊದಿಸಿದ ಶಾಲು ಅದರ ಮುಂದೆ ಏನೂ ಅಲ್ಲ. ಧನ್ಯ ತಾನೇ ಅಮ್ಮನಿಗೆ ಹೇಳಿದ್ದು, ಶೋಭಾ ಎರಡು ದಿನ ಮಂಕಾಗಿದ್ದು ಮೂರನೆಯ ದಿನ ಧನ್ಯಳ ತಲೆಗೆ ಎಣ್ಣೆ ಹಚ್ಚಿದ್ದು ಎಲ್ಲ ಆಮೇಲಿನ ಮಾತು. ಅಂದು ಮಾತ್ರ ಧನ್ಯ ಕಣ್ಣೊರೆಸಿಕೊಂಡು ಹೇಳಿದಳು:

"ಆಗಿನ್ ಕಾಲ್ದಲ್ಲೂ ನಿನ್ನಂಥೋರು ಇದ್ರಲ್ಲ ತಾತ. ನಿನ್ ಫ್ರೆಂಡ್ಸಲ್ಲಿ ಯಾರಾದ್ರೂ ಹೀಗಿದ್ದಿದ್ರೆ ಎಷ್ಟು ಲಕ್ಕಿ."

ಆ ದಿನ ಹಿತಕಿದ ಬೇಳೆ ಸಾರನ್ನು ಬಿಟ್ಟು ಮಜ್ಜಿಗೆ ಅನ್ನ ಉಂಡು ಎದ್ದೆ.

ಇದ್ದ. ಇನ್ನು ಅವನ ವಿಷಯ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನ ಒಂದು ಓಣಿಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಕೆ.ಆರ್. ಪುರದ ಹಾದಿಯ ಒಂದು ಕಾರ್ಖಾನೆಯಲ್ಲಿ, ಕೆಲಸಗಾರರ ಹಾಜರಿ ಬರೆಯುವ ಟೈಮಾಫೀಸಿನ ಗುಮಾಸ್ತನಾದೆ. ಅವನು ಅದೇ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ನಕ್ಷೆಗಳ ಪ್ರತಿ ತೆಗೆಯುವವನು. ನನ್ನ ಮುಂದಿನ ಓಣಿ ಅವನದು. ಮನೆಯಲ್ಲಿ ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ಕಾರ್ಖಾನೆಯ ಬಸ್ಸಿನಲ್ಲಿ ಆರು ವರ್ಷ ಒಂದೇ ಸೀಟಿನಲ್ಲಿ ಕೂತು ಹೋದೆವು. ಮೊದಲು ಹತ್ತಿದವನು ಇನ್ನೊಬ್ಬನಿಗೆ ಟಿಫಿನ್ ಡಬ್ಬಿ ಇಟ್ಟು ಜಾಗ ಹಿಡಿಯುತ್ತಿದ್ದ. ಅವನ ತಾಯಿ ಕಟ್ಟಿದ ಪುಳಿಯೋಗರೆ ಅರ್ಧ ನನ್ನದು, ನನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಅವನದು.

ಕಾರ್ಖಾನೆಯ ಕನ್ನಡ ಸಂಘ ಒಂದು ಕೈಬರಹದ ಪತ್ರಿಕೆ ತರುತ್ತಿತ್ತು. ಈಗಿನವರಿಗೆ ಹೇಳಬೇಕು: ಅಚ್ಚಿಗೆ ಹಾಕಿಸುವ ಶಕ್ತಿಯಿಲ್ಲದ ಕಡೆ ಎಲ್ಲರ ಕಥೆ ಕವನಗಳನ್ನೂ ಅಕ್ಷರ ಚೆನ್ನಾಗಿರುವ ಒಬ್ಬನು ದಪ್ಪ ಹಾಳೆಗಳ ಮೇಲೆ ಒಂದೇ ಕೈಯಲ್ಲಿ ಬರೆಯುತ್ತಿದ್ದ. ಚಿತ್ರ ಬರುವವನು ಚಿತ್ರ ಬಿಡಿಸುತ್ತಿದ್ದ. ದಾರ ಹಾಕಿ ಹೊಲಿದರೆ ಸಂಚಿಕೆ ಸಿದ್ಧ. ಇಡೀ ಕಾರ್ಖಾನೆಗೆ ಒಂದೇ ಪ್ರತಿ. ಒಂದೊಂದು ವಿಭಾಗದಲ್ಲಿ ಮೂರು ಮೂರು ದಿನ ಇರುತ್ತಿತ್ತು. ಲೇಖಕರು ಕೊಟ್ಟ ಚೀಟಿ ಹಾಳೆಗಳನ್ನು ಬರೆದಾದ ಮೇಲೆ ಹರಿದುಹಾಕುವುದು ರೂಢಿ. ಬರೆಯುವ ಕೈ ನನ್ನದು, ಎಡಗೈ. ಎಡಗೈಯಲ್ಲಿ ಅಷ್ಟು ಗುಂಡಾಗಿ ಹೇಗಯ್ಯಾ ಬರೆಯುತ್ತೀಯ ಎಂದು ಮ್ಯಾನೇಜರರೇ ನಿಂತು ನೋಡುತ್ತಿದ್ದರು. ಚಿತ್ರ ಅವನದು.

ಆ ವರ್ಷದ ರಾಜ್ಯೋತ್ಸವ ಸಂಚಿಕೆಗೆ ಅವನೊಂದು ಕಥೆ ಕೊಟ್ಟ. ಕೆಳಗೆ ತನ್ನ ಪೂರ್ತಿ ಹೆಸರನ್ನು ದಪ್ಪಗೆ ಬರೆದಿದ್ದ. ಉಳಿದವರೆಲ್ಲ ನಾಚಿಕೆಗೆ ಕಾವ್ಯನಾಮ ಇಟ್ಟುಕೊಳ್ಳುತ್ತಿದ್ದ ಕಾಲ.

ಅಂದವಾಗಿ ಬರೆಯುವವನ ದೊಡ್ಡ ದೋಷ ಯಾವುದು ಗೊತ್ತೇ? ಅವನು ಓದುವುದಿಲ್ಲ. ಅವನ ಗಮನವೆಲ್ಲ ಸಾಲು ಎಲ್ಲಿ ಮುಗಿಯುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆಯೇ ಎಂಬುದರ ಮೇಲೆ. ಆ ಕಥೆಯ ಎಂಟು ಪುಟವನ್ನು ನನ್ನ ಜೀವಮಾನದ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಅದರಲ್ಲಿ ಏನಿದೆ ಎಂಬುದು ತಲೆಗೆ ಹೋಗಲಿಲ್ಲ. ಸಂಚಿಕೆ ಹೊಲಿದು ಕ್ಯಾಂಟೀನಿನಲ್ಲಿಟ್ಟ ಮೊದಲ ದಿನವೇ ಸ್ಟೋರ್ಸಿನ ಮುನಿರಾಜು ಅದನ್ನೆತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದತೊಡಗಿದ. ನಾನು ಆ ಕಥೆ ಕೇಳಿದ್ದು ಆಗ.

ಹಲಸೂರಿನ ಒಂದು ಓಣಿ. ಕಾರ್ಪೊರೇಷನ್ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು, ಅದೂ ಬಂದರೆ ಬಂತು. ಜನ ಕೊಡದ ಸಾಲಿನಲ್ಲಿ ನಿಲ್ಲಲಾರದೆ ತಮ್ಮ ಬದಲು ಹಳೆಯ ಚಪ್ಪಲಿ, ಕಲ್ಲು ಇಟ್ಟು ಹೋಗುತ್ತಾರೆ. ಒಂದು ದಿನ ಇಬ್ಬರು ಹುಡುಗರು ನಲ್ಲಿಕಟ್ಟೆಯ ಮೇಲೆ ಕೂತು ನಗುತ್ತಿರುವಾಗ ನೀರು ತಾನಾಗಿ ಧುಮುಕುತ್ತದೆ. ಮರುದಿನವೂ ಅಷ್ಟೇ. ಅವರಿಬ್ಬರೂ ಜೊತೆಯಲ್ಲಿದ್ದರೆ ಓಣಿಗೆಲ್ಲ ನೀರು, ಬೇರೆಯಾದರೆ ನಲ್ಲಿ ಉಸ್ಸೆನ್ನುತ್ತದೆ. ಯಾಕೆ ಎಂದು ಓಣಿಯಲ್ಲಿ ಒಬ್ಬರೂ ಕೇಳುವುದಿಲ್ಲ. ಸಾರು ಕುದಿಯುತ್ತಿದೆ, ಆ ಹುಡುಗರನ್ನು ಸ್ವಲ್ಪ ಒಟ್ಟಿಗೆ ಕೂರಿಸಿ ಎಂದು ಹೆಂಗಸರು ಹೇಳಿಕಳಿಸುತ್ತಾರೆ. ಆಮೇಲೆ ಒಬ್ಬನ ಮನೆಯವರು ಅವನನ್ನು ದೂರದ ಸಂಬಂಧಿಕರ ಮನೆಗೆ ಸಾಗಿಸುತ್ತಾರೆ. ಓಣಿ ಒಣಗುತ್ತದೆ. ಕೊನೆಗೆ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹೊತ್ತು ಆ ಮನೆಯ ಮುಂದೆ ಸಾಲು ನಿಲ್ಲುತ್ತಾರೆ, ನೀರಿಗೆ ನಿಲ್ಲುವ ಹಾಗೇ. ಮುದುಕಿಯೊಬ್ಬಳು, ಇವರಿಬ್ಬರನ್ನು ಬೇರೆ ಮಾಡಿದ ಪುಣ್ಯಾತ್ಮ ಯಾರು, ನನ್ನ ಕೊಡ ಅವನ ತಲೆ ಮೇಲಿಡುತ್ತೇನೆ ಎನ್ನುತ್ತಾಳೆ.

ನೋಡಿ, ಧನ್ಯಳ ಒಂಬತ್ತು ಪುಸ್ತಕದಲ್ಲಿರುವುದೆಲ್ಲ ಇದರಲ್ಲಿತ್ತು. ಐವತ್ತು ವರ್ಷ ಮೊದಲು, ನಮ್ಮ ನಲ್ಲಿಕಟ್ಟೆಯ ಮೇಲೆ. ಇದಕ್ಕೊಂದು ಹೆಸರಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಕಥೆಯ ಆ ಎರಡನೆಯ ಹುಡುಗ ಎಡಗೈಯಲ್ಲಿ ಬರೆಯುತ್ತಿದ್ದ.

"ಯಾರಯ್ಯಾ ಈ ಎಡಚ?" ಎಂದು ಮುನಿರಾಜು ಪುಸ್ತಕದಿಂದ ತಲೆಯೆತ್ತಿದ. "ನಮ್ ಟೈಮಾಫೀಸಲ್ಲಿ ಒಬ್ಬ ಇದಾನಲ್ಲ?"

ಕ್ಯಾಂಟೀನಿನ ಅಷ್ಟೂ ಮುಖ ನನ್ನ ಕಡೆ ತಿರುಗಿತು. ಅವನು ಎರಡು ಮೇಜಿನಾಚೆ ತಟ್ಟೆ ಹಿಡಿದು ನಿಂತಿದ್ದ. ಅವರು ನಗುವ ಮೊದಲು ನಾನು ನಗಬೇಕಿತ್ತು, ಅಷ್ಟೇ ತಲೆಯಲ್ಲಿ ಇದ್ದದ್ದು. ನಕ್ಕೆ.

"ಬರೆದೋನನ್ನ ಕೇಳ್ರಪ್ಪ. ಹೆಣ್ಣು ಸಿಗದೆ ನಲ್ಲಿ ಜೊತೆ ಸಂಸಾರ ಮಾಡ್ತಿದಾನೆ. ದಿನಾ ಪಕ್ಕದಲ್ಲಿ ಕೂರೋನು ನಾನು. ಇನ್ಮೇಲೆ ಟಿಫಿನ್ ಡಬ್ಬಿ ಮಧ್ಯ ಇಟ್ಕೊಂಡೇ ಕೂರ್ತೀನಿ."

ಮೇಜು ಬಡಿದುಕೊಂಡು ನಕ್ಕರು. ಆಮೇಲೆ ತಿಂಗಳಾನುಗಟ್ಟಲೆ ಅವನು ಹಾದುಹೋದಲ್ಲೆಲ್ಲ ಯಾರಾದರೊಬ್ಬರು ನೀರು ಬಂತೇನಪ್ಪಾ ಎನ್ನುತ್ತಿದ್ದರು. ಅವರಿಗೆ ದಾರಿ ಹಾಕಿಕೊಟ್ಟವನು ನಾನು. ಅವನ ಬಗ್ಗೆ ನನ್ನೊಳಗೆ ಏನಿತ್ತು ಎಂದು ನೀವು ಕೇಳಬಹುದು. ಸ್ನೇಹವಿತ್ತು, ಅಷ್ಟು ಗೊತ್ತು. ಬೇರೆ ಏನಾದರೂ ಇತ್ತೋ ಎಂದು ಬಗ್ಗಿ ನೋಡುವ ಧೈರ್ಯವನ್ನು ನಾನು ಮಾಡಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂದೇ ಸಂಜೆ ಪತ್ರಿಕೆಯನ್ನು ಮನೆಗೆ ತಂದು ದಾರ ಬಿಚ್ಚಿ ಆ ಹಾಳೆಗಳನ್ನು ತೆಗೆದು ಬಚ್ಚಲ ಒಲೆಗೆ ಹಾಕಿದೆ. ಪರಿವಿಡಿಯಲ್ಲಿ ಅವನ ಹೆಸರಿನ ಮೇಲೆ ಚೀಟಿ ಅಂಟಿಸಿ, ಅರ್ಧ ಗಂಟೆಯಲ್ಲಿ ನಾನೇ ಹೊಸೆದ ಕನ್ನಡಮ್ಮನ ಮೇಲಿನ ಪದ್ಯದ ಹೆಸರು ಬರೆದೆ. ನಾನು ಬರೆದ ಒಂದೇ ಪದ್ಯ ಅದು. ಒಂದೇ ಆಗಿದ್ದು ಕನ್ನಡಮ್ಮನ ಪುಣ್ಯ.

ಮರುದಿನ ಅವನು ಟೈಮಾಫೀಸಿನ ಕಿಟಕಿಗೆ ಬಂದು ಹಾಳೆ ಎಲ್ಲಿ ಎಂದು ಕೇಳಿದ. ಒಲೆಗೆ ಹಾಕಿದೆ ಎಂದೆ. ಅವನು ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನ ಎಡಗೈಯನ್ನು ನೋಡಿದ.

"ನಿನ್ನ ಅಕ್ಷರ ತುಂಬಾ ಚೆನ್ನಾಗ್ ಬಂದಿತ್ತು ಕಣೋ," ಎಂದ. "ಓದಿ ಬರ್ದಿದ್ದೀಯ ಅನ್ಕೊಂಡಿದ್ದೆ."

ಆಮೇಲೆ ಅವನು ಬಸ್ಸಿನಲ್ಲಿ ಡ್ರೈವರನ ಹಿಂದೆ ಕೂರತೊಡಗಿದ. ಎಂಟು ತಿಂಗಳಿಗೆ ಬೇರೆ ಊರಿನ ಘಟಕಕ್ಕೆ ವರ್ಗ ಕೇಳಿಕೊಂಡು ಹೋದ. ಇಪ್ಪತ್ತು ವರ್ಷವಾದ ಮೇಲೆ ಒಮ್ಮೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಕಂಡ. ಜೊತೆಯಲ್ಲಿ ಅವನದೇ ವಯಸ್ಸಿನ ಒಬ್ಬರಿದ್ದರು. ಇಬ್ಬರೂ ಒಂದೇ ಪೇಪರಿನ ಎರಡು ತುದಿ ಹಿಡಿದು ಓದುತ್ತಿದ್ದರು. ಅವನ ಮುಖದಲ್ಲಿ ನೆಮ್ಮದಿಯಿತ್ತು. ನಾನು ಸೀಬೆಹಣ್ಣಿನ ಗಾಡಿಯ ಹಿಂದೆ ಸರಿದು ನಿಂತೆ. ಹತ್ತು ಹೆಜ್ಜೆ ಸಾಕಿತ್ತು. ಅವರ ಬಸ್ಸು ಬಂತು, ಹೋದರು.

ನಾವು ಪಿಂಚಣಿಯವರು ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಬ್ಯಾಂಕಿನಲ್ಲಿ ರುಜುವಾತು ಕೊಡಬೇಕು. ಹಳಬರೆಲ್ಲ ಸೇರುವುದು ಆ ಸಾಲಿನಲ್ಲೇ. ಈ ಸಲ ಮುನಿರಾಜು ಊರುಗೋಲು ಹಿಡಿದು ಬಂದಿದ್ದ. ಹೋದವರ ಹೆಸರು ಒಂದೊಂದಾಗಿ ಹೇಳುತ್ತ, ನಡುವೆ ಅವನ ಹೆಸರನ್ನೂ ಹೇಳಿದ. ತೀರಿಕೊಂಡು ಎರಡು ವರ್ಷವಾಯಿತಂತೆ. ನಲ್ಲಿಯ ಮಾತು ಮುನಿರಾಜುವಿಗೆ ನೆನಪೇ ಇರಲಿಲ್ಲ. ನಾನು ಬದುಕಿರುವುದಕ್ಕೆ ಸಹಿ ಮಾಡಿ ಮನೆಗೆ ಬಂದೆ. ಇದಾಗಿ ಹದಿನೈದು ದಿನಕ್ಕೆ ಅವರೆಕಾಳಿನ ಮಧ್ಯಾಹ್ನ.

ಧನ್ಯಳಿಗೆ ಹೇಳಲು ನಾನು ಮತ್ತೆ ಒಂದು ತಿಂಗಳು ತೆಗೆದುಕೊಂಡೆ. ಹೇಳಿದರೆ ಅವಳು ಮತ್ತೆ ನನ್ನ ಹತ್ತಿರ ಬರುವುದಿಲ್ಲ ಎಂಬ ಭಯ. ಹೇಳದಿದ್ದರೆ ಅವಳು ತಬ್ಬಿಕೊಂಡದ್ದು ಬೇರೆ ಯಾರನ್ನೋ. ಒಂದು ಬೆಳಿಗ್ಗೆ ಹಲಸೂರು ಕೆರೆಯ ಬೆಂಚಿನ ಮೇಲೆ ಕೂರಿಸಿಕೊಂಡು, ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಒಲೆಯ ವಿಷಯವನ್ನೂ ಬಿಡಲಿಲ್ಲ. ಅವಳು ಕೆರೆಯ ಕಡೆ ನೋಡುತ್ತಲೇ ಕೇಳಿದಳು.

"ಆ ಕ್ಯಾಂಟೀನಲ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದೋಳು ನಾನಾಗಿದ್ದಿದ್ರೆ?"

ಸುಳ್ಳು ಬಾಯಿಗೆ ಬಂದಿತ್ತು, ಆಡಲಿಲ್ಲ. ಹಾಗೇ ಮಾಡುತ್ತಿದ್ದೆ ಅನಿಸುತ್ತದೆ ಎಂದೆ.

ಅವಳು ಎದ್ದು ನಡೆದುಹೋದಳು. ಐದು ದಿನ ಮಾತಿಲ್ಲ. ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ತನ್ನ ಕೋಣೆಗೆ ಸೇರಿಸಿಕೊಂಡಳು. ಸೋಫಾ, ವಾಷಿಂಗ್ ಮೆಷಿನ್, ಅಕ್ಕಿ ಡಬ್ಬ ಎಲ್ಲ ಬೋಳಾದವು. ಏನಾಯಿತೆಂದು ಮಗಳು ಕೇಳಿದಾಗ ನನ್ನದೇ ತಪ್ಪು ಎಂದೆ. ಆರನೆಯ ದಿನ ಗೆರೆಯಿಲ್ಲದ ದಪ್ಪ ಹಾಳೆಗಳ ಒಂದು ಕಟ್ಟು ತಂದು ನನ್ನ ಮುಂದಿಟ್ಟಳು.

"ನಂಗಿನ್ನೂ ಕೋಪ ಹೋಗಿಲ್ಲ," ಎಂದಳು. "ಅವ್ರು ತಮ್ಮ ಹೆಸ್ರು ಹಾಕ್ಕೊಂಡಿದ್ರು ತಾನೆ?"

"ದಪ್ಪ ಅಕ್ಷರದಲ್ಲಿ."

"ಹಾಗಾದ್ರೆ ಕಥೆ ಬರಿ. ಈ ಸಲ ಓದ್ಕೊಂಡು ಬರಿ."

ಇಪ್ಪತ್ತೆರಡು ದಿನ ಹಿಡಿಯಿತು. ಕ್ಯಾಂಟೀನಿನಲ್ಲಿ ಕೇಳಿದ್ದು ಐವತ್ತು ವರ್ಷವೂ ತಲೆಯಲ್ಲಿ ಸುತ್ತುತ್ತಲೇ ಇತ್ತು. ಕೈ ನಡುಗುತ್ತದೆ, ಅಕ್ಷರ ಮೊದಲಿನಂತೆ ಗುಂಡಾಗಿಲ್ಲ. ಆದರೆ ಒಂದೊಂದು ವಾಕ್ಯವನ್ನೂ ಬಾಯಲ್ಲಿ ಹೇಳಿಕೊಂಡು ಬರೆದೆ, ಮುದುಕಿಯ ಮಾತಿಗೆ ಒಬ್ಬನೇ ನಕ್ಕು ಬರೆದೆ. ಒಂದು ಕಡೆ ಮಾತ್ರ ಏನು ಮಾಡಿದರೂ ನೆನಪಾಗಲಿಲ್ಲ. ಬೇರೆಯಾಗುವ ಹಿಂದಿನ ಸಂಜೆ ಹುಡುಗರಿಬ್ಬರೂ ನಲ್ಲಿಕಟ್ಟೆಯ ಮೇಲೆ ಏನೋ ಮಾತಾಡಿಕೊಳ್ಳುತ್ತಾರೆ, ಏಳೆಂಟು ಸಾಲು. ನೀನೇ ಏನಾದ್ರೂ ತುಂಬಿಸು ತಾತ ಎಂದಳು ಧನ್ಯ. ಆಗಲ್ಲ ಎಂದೆ. ಅದು ಅವನ ಮಾತು. ಅಷ್ಟು ಜಾಗವನ್ನು ಖಾಲಿ ಬಿಟ್ಟೆ. ಆ ಖಾಲಿ ಜಾಗ ನೋಡಿದ ಮೇಲೆಯೇ ಅವಳು ಪುಸ್ತಕಗಳನ್ನು ಮತ್ತೆ ಸೋಫಾದ ಮೇಲೆ ಬಿಟ್ಟುಹೋಗತೊಡಗಿದ್ದು.

ಧನ್ಯ ಮತ್ತು ಅವಳ ಗೆಳೆಯರು ತಿಂಗಳಿಗೊಂದು ಭಾನುವಾರ ಇಂದಿರಾನಗರದಲ್ಲಿ ಒಬ್ಬರ ಮನೆಯ ತಾರಸಿಯ ಮೇಲೆ ಸೇರಿ ಓದುತ್ತಾರೆ. ಹೋದ ತಿಂಗಳು ನನ್ನನ್ನು ಕರೆದುಕೊಂಡು ಹೋದಳು. ಒಗೆದು ಹಾಕಿದ ಬಟ್ಟೆಗಳ ನೆರಳಿನಲ್ಲಿ ಹದಿನಾಲ್ಕು ಮಕ್ಕಳು. ಉಗುರಿಗೆ ಬಣ್ಣ ಹಚ್ಚಿಕೊಂಡ ಹುಡುಗನೊಬ್ಬ ನನಗೆ ಕುರ್ಚಿ ಹಾಕಿದ. ಒಬ್ಬರ ಭುಜಕ್ಕೊಬ್ಬರು ತಲೆಯಿಟ್ಟು ಕೂತಿದ್ದರು, ಯಾರಿಗೂ ಹೆದರದೆ. ಆ ಮಕ್ಕಳನ್ನು, ಅವರಲ್ಲಿ ಒಬ್ಬಳಾಗಿ ಕೂತ ನನ್ನ ಮೊಮ್ಮಗಳನ್ನು ಕಂಡು ನನಗೆ ಎದೆ ತುಂಬಿ ಬಂತು. ಕನ್ನಡಕ ಒರೆಸಿಕೊಂಡು ಓದಿದೆ. ಕ್ಯಾಂಟೀನಿನವರು ನಕ್ಕ ಜಾಗಗಳಲ್ಲೇ ಇವರೂ ನಕ್ಕರು. ಆದರೆ ಆ ಇಬ್ಬರು ಹುಡುಗರ ಪಕ್ಕದಲ್ಲಿ ಕೂತು ನಕ್ಕರು. ಖಾಲಿ ಜಾಗ ಬಂದಾಗ, ಇಲ್ಲಿಯದು ನನಗೆ ನೆನಪಿಲ್ಲ, ನೆನಪಿಲ್ಲದೆ ಹೋದದ್ದು ನಾನು ಸುಟ್ಟದ್ದರಿಂದ ಎಂದು ಹೇಳಿ ಏಳೆಂಟು ಸಾಲಿನಷ್ಟು ಹೊತ್ತು ಓದು ನಿಲ್ಲಿಸಿದೆ. ಕೊನೆಯಲ್ಲಿ ಹೆಂಗಸರು ಖಾಲಿ ಕೊಡ ಹೊತ್ತು ಸಾಲು ನಿಂತಾಗ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಓದಿ ಮುಗಿದ ಮೇಲೆ ಕುರ್ಚಿ ಹಾಕಿದ್ದ ಹುಡುಗ ಕೇಳಿದ.

"ಸರ್, ಇಷ್ಟ್ ಚೆನ್ನಾಗಿದೆ, ಯಾರ್ ಸರ್ ಬರ್ದಿದ್ದು? ಈಗಿನೋರಾ?"

ಧನ್ಯ ನನ್ನನ್ನೇ ನೋಡುತ್ತಿದ್ದಳು. ಐವತ್ತು ವರ್ಷ ಅವನ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ, ನಿಮಗೂ ಇಷ್ಟು ಹೊತ್ತು ಹೇಳಿಲ್ಲ. ಕೂತು ಹೇಳುವ ಹೆಸರಲ್ಲ ಅನಿಸಿತು. ಮಂಡಿ ಹಿಡಿದುಕೊಂಡು ಎದ್ದು ನಿಂತೆ.

"ಈಗಿನೋನಲ್ಲ ಮಗಾ. ನಾನು ಅವಮಾನ ಮಾಡಿ ಕಳಿಸಿದ ನನ್ನ ಗೆಳೆಯ. ಹಲಸೂರಿನೋನು. ಟಿ. ಜಯವೇಲು."